ಇನ್ನೊಂದ್ ಹೆಜ್ಜೆ ಹಿಂದೆ

ಜಯನಗರದ ಆ ಹಳೆಯ ಕ್ರಿಕೆಟ್ ಮೈದಾನ ನೋಡಲು ಬಂದವರಿಗೆಲ್ಲ ತಿರುಮಲೇಶಯ್ಯನವರೇ ಗೈಡು, ಅವರ ಬಾಯಲ್ಲಿ ದಿನವಿಡೀ ಒಂದೇ ಮಾತು: "ಹಿಂದೆ ಬನ್ನಿ ಸಾರ್, ಇನ್ನೊಂದ್ ಹೆಜ್ಜೆ ಹಿಂದೆ!" ಪೆವಿಲಿಯನ್ ಫೋಟೋ ತೆಗೆಯುವವರನ್ನು ಸರಿಸಿ ಸರಿಸಿ ಬೇಲಿಗೇ ಒರಗಿಸಿಬಿಡುತ್ತಾರೆ, ಪಿಚ್ ತೋರಿಸುವುದೂ ಬೌಂಡರಿ ಗೆರೆಯಾಚೆಯಿಂದ, ಕೊಡೆಯ ತುದಿಯಲ್ಲಿ. "ಇಲ್ಲಿಂದ ಏನ್ ಕಾಣುತ್ತೆ ಅಂಕಲ್?" ಎಂದು ಬಿಟಿಎಂ ಲೇಔಟಿನಿಂದ ಬಂದ ಹುಡುಗಿಯರು ನಕ್ಕರೆ, "ದೂರ ಇದ್ರೆ ಏನೂ ಆಗಲ್ಲ ಬಿಡಮ್ಮ" ಎಂದು ಗದರುತ್ತಾರೆ. ನಲವತ್ತು ವರ್ಷದ ಹಿಂದೆ ಇದೇ ಪಿಚ್ಚಿನಲ್ಲಿ, ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನಿನ ಮಗ್ಗುಲಲ್ಲೇ ಫೀಲ್ಡಿಂಗ್‌ಗೆ ನಿಂತಿದ್ದ ಅವರ ತಮ್ಮ ಶ್ರೀವತ್ಸ, ಹಣೆಗೆ ಚೆಂಡು ಬಡಿದು ಸತ್ತ. "ಇನ್ನೊಂದ್ ಹೆಜ್ಜೆ ಮುಂದೆ ಬಾರೋ" ಎಂದು ಕೂಗಿದ ಕ್ಯಾಪ್ಟನ್ ಇವರೇ. ಅಣ್ಣ ಹೇಳಿದನೆಂದು ಅವನು ಎರಡು ಹೆಜ್ಜೆ ಬಂದಿದ್ದ.