ಹೊಂಗೆ ಮರದ ನೊರೆಗೂಡು

ಮೇಷ್ಟ್ರ ಅಂಗಿಯ ಎಡಜೇಬು ಯಾವಾಗಲೂ ಒದ್ದೆ. ಅದರೊಳಗೆ ನೀರಲ್ಲಿ ಅದ್ದಿದ ಕರವಸ್ತ್ರ ಇರುತ್ತಿತ್ತು. ಒಣಗೈಯಲ್ಲಿ ಕಪ್ಪೆಯನ್ನು ಮುಟ್ಟುವುದು ಮಹಾಪಾತಕ ಎಂಬುದು ಅವರ ಧರ್ಮಶಾಸ್ತ್ರ. ಕಪ್ಪೆಯ ಸುಳಿವೇ ಇಲ್ಲದ ಬೇಸಗೆಯಲ್ಲೂ ಹಿಂದೂಪುರದ ಬೀದಿಗಳಲ್ಲಿ ಎದೆ ತೋಯಿಸಿಕೊಂಡು ನಡೆಯುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಪಕ್ಕದ ಮನೆಯವನು. ಕೆಲಸವಿಲ್ಲದವನು ಎಂಬ ಒಂದೇ ಅರ್ಹತೆಯ ಮೇಲೆ ಅವರ ಶಿಷ್ಯನಾಗಿ ನೇಮಕಗೊಂಡೆ.

ಅವರ ಅಕ್ಕ ಇದ್ದದ್ದು ಕಲ್ಯಾಣದುರ್ಗದ ಹತ್ತಿರದ ಹಳ್ಳಿಯಲ್ಲಿ. ಒಂದು ಮಳೆಗಾಲ ಆಕೆ ಫೋನು ಮಾಡಿ, ಬಚ್ಚಲ ಗೋಡೆಗೆ ಹಲ್ಲಿಯ ಹಾಗೆ ಕಪ್ಪೆ ಅಂಟಿಕೊಂಡಿದೆ ಎಂದರು. ಮೇಷ್ಟ್ರು ಅರ್ಧ ಊಟಕ್ಕೇ ಎದ್ದರು. ನಮ್ಮ ಸೀಮೆಯ ಕಪ್ಪೆಗಳು ಮಣ್ಣು ಕೊರೆದು ಮಲಗುವಂಥವು, ಗೋಡೆ ಹತ್ತುವ ಉತ್ಸಾಹ ಅವಕ್ಕಿಲ್ಲ ಎಂದರು. ಬಸ್ಸಿನಲ್ಲಿ ಅದೊಂದೇ ಮಾತು.

ಸಂಜೆ, ಊರ ಕುಂಟೆಯ, ಅಂದರೆ ಪುಟ್ಟ ಕೆರೆಯ, ನೀರಿನ ಮೇಲೆ ಬಾಗಿದ ಹೊಂಗೆಯ ಕೊಂಬೆಯಲ್ಲಿ ಸೋಪಿನ ನೊರೆಯಂಥ ಮುದ್ದೆಯೊಂದು ನೇತಾಡುತ್ತಿತ್ತು. ಮೇಷ್ಟ್ರು ನೋಡಿದವರೇ ಕಲ್ಲಿನ ಮೇಲೆ ಕುಸಿದರು. ಅದರೊಳಗೆ ಮರಗಪ್ಪೆಯ ಮೊಟ್ಟೆಗಳಿವೆ, ಮರಿಗಳು ನೀರಿಗೆ ಉದುರಿದರೆ ನಮ್ಮ ಕಪ್ಪೆಗಳ ಗತಿ ಏನೋ ಗೊತ್ತಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂದರು.

ಅವು ಬಂದ ಬಗೆಯನ್ನು ಅಕ್ಕನೇ ಹೆಮ್ಮೆಯಿಂದ ವಿವರಿಸಿದರು. ಬೇಸಗೆಯಲ್ಲಿ ಮಳೆಗಾಗಿ ಕಪ್ಪತಲ್ಲಿ, ಅಂದರೆ ಕಪ್ಪೆತಾಯಿ, ಎಂದು ಕಪ್ಪೆಯೊಂದನ್ನು ಒನಕೆಗೆ ಕಟ್ಟಿ, ಬೇವಿನ ಸೊಪ್ಪು ಹೊದಿಸಿ, ಮನೆಮನೆಯ ಮುಂದೆ ನೀರು ಹುಯ್ಯಿಸಬೇಕು. ಆ ಸಲ ಊರಲ್ಲಿ ಒಂದು ಕಪ್ಪೆಯೂ ಸಿಗಲಿಲ್ಲ. ಕಲ್ಯಾಣದುರ್ಗದ ನರ್ಸರಿಗೆ ಕರಾವಳಿಯಿಂದ ಲಾರಿಯಲ್ಲಿ ಬಂದ ಹೂಗಿಡಗಳ ಕುಂಡಗಳಲ್ಲಿ ಇವು ಕೂತಿದ್ದವು. ಹೆಂಗಸರು ಒಂದೆರಡನ್ನು ಬೇಡಿ ತಂದು, ಶಾಸ್ತ್ರ ಮುಗಿಸಿ, ಪದ್ಧತಿಯಂತೆ ಕುಂಟೆಗೆ ಬಿಟ್ಟರು. ಎಲ್ಲಕ್ಕೂ ಅಕ್ಕನೇ ಮುಂದಾಳು. ಆ ವಾರವೇ ಮಳೆಯೂ ಬಂದುಬಿಟ್ಟಿತು.

ಮೇಷ್ಟ್ರು ಗೂಡು ತೆಗೆಯಲು ಎದ್ದಾಗ ಅಕ್ಕ ಅಡ್ಡ ನಿಂತರು.

"ಮಳೆ ತಂದ ತಾಯಿ ಕಣ್ಲಾ ಅದು. ಅದ್ರ ಮೊಟ್ಟೆ ಕಿತ್ತು ಬಿಸಾಕ್ತೀಯಾ?"

"ಅದು ಇಲ್ಲೀದಲ್ಲ ಕಣಕ್ಕ."

"ನಾನೇನು ಇಲ್ಲಿಯೋಳಾ? ಹಿಂದೂಪುರದಿಂದ ಬಂದ ಸೊಸೆ. ನನ್ನೂ ಕಿತ್ತಾಕ್ಬುಡು."

ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಕೊಂಬೆ ಬಗ್ಗಿಸಿ ಗೂಡನ್ನು ಬಿಡಿಸಿದರು. ಅಕ್ಕ ಅಂದಿನಿಂದ ತಮ್ಮನೊಡನೆ ಮಾತು ಬಿಟ್ಟರು.

ಮುಂದಿನ ಮಳೆಗಾಲಗಳೆಲ್ಲ ಆ ಬಸ್ಸಿನಲ್ಲೇ ಕಳೆದವು. ಹೋದಾಗಲೆಲ್ಲ ಹೊಸ ಗೂಡು. ಅಕ್ಕ ರಾಗಿಮುದ್ದೆ ಬಡಿಸುವುದನ್ನು ಬಿಡಲಿಲ್ಲ. ಸಾರು ಬೇಕೇ ಎಂದು ನನ್ನನ್ನು ಕೇಳಿ ಮೇಷ್ಟ್ರ ತಟ್ಟೆಗೆ ಹುಯ್ಯುವರು. ಇದಕ್ಕೆ ಕೊನೆಯುಂಟೇ ಎಂದು ಒಮ್ಮೆ ಕೇಳಿದೆ.

"ಇಲ್ಲ ಕಣಪ್ಪ," ಎಂದರು ಮೇಷ್ಟ್ರು. "ನಂಗೂ ಸಾಕಾಗೈತೆ. ಇವತ್ತಿಂದು ತೆಗೆದ್ಬುಡಾನ, ನಡಿ."

ಹೋದ ಚಳಿಗಾಲ ಅವರು ತೀರಿಕೊಂಡರು. ಅಕ್ಕ ಬಂದು ಅತ್ತು ಹೋದರು. ಕಪ್ಪೆಗಳ ಸೇವೆಯಿಂದ ನನಗಂತೂ ನಿವೃತ್ತಿ ದೊರೆಯಿತೆಂದು, ದುಃಖದ ನಡುವೆಯೂ ಒಂದು ನಿಟ್ಟುಸಿರು ಬಿಟ್ಟಿದ್ದೆ.

ಮೊದಲ ಮಳೆ ಬಿದ್ದ ಮೇಲೆ ಅಕ್ಕನ ಫೋನು ಬಂತು. "ಕುಂಟೆ ಮೇಲೆ ನೊರೆ ಕಟ್ಟೈತೆ ಕಣಪ್ಪ. ಕೀಳಾಕೆ ನನ್ ಕೈಗೆ ಎಟುಕಲ್ಲ. ಬತ್ತೀಯಾ?"

ಸೊಂಟನೋವಿನ ನೆಪ ನಾಲಿಗೆಯ ತುದಿಯವರೆಗೂ ಬಂದಿತ್ತು. ಬೆಳಗಿನ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಕೊಂಬೆ ಅಲುಗಿಸದಂತೆ ನೋಡಿಕೊಳ್ಳಿ, ಮರಿಗಳು ನೀರಿಗೆ ಉದುರಿಬಿಡುತ್ತವೆ ಎಂದೆ.

"ಗೊತ್ತು," ಎಂದರು ಅಕ್ಕ. "ಅವ್ನು ನಿಂಗೆ ಹೇಳ್ತಿದ್ದುದ್ನೆಲ್ಲ ನಾನೂ ಕೇಳಿಸ್ಕಂತಿದ್ದೆ."