ಬಿಟ್ಟುಹೋದ ಎರಡು ಶೀಲಗಳು

ನನ್ನ ಅತ್ತಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ನಾನು ಹಲವರಿಂದ ಉತ್ತರ ಕೇಳಲಿದ್ದೇನೆ. ಕೇಳುವವಳು ತನ್ನ ಉತ್ತರವನ್ನು ಮುಚ್ಚಿಟ್ಟುಕೊಳ್ಳಬಾರದು.

ಅತ್ತಿಗೆ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಕಬ್ಬಿನ ಹೊಲಗಳಿಗೆ ಕೂಲಿಗೆ ಹೋಗುವವಳು. ನಾನು ವಿಶ್ವವಿದ್ಯಾಲಯದಿಂದ ಪದಕ ತಂದವಳು; ಗೋಕಾಕದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಘೋಡಗೇರಿಯ ನಮ್ಮ ಓಣಿಯಲ್ಲಿ ತಗಡಿನ ಮಾಡಿನ ಒಂದು ಬುದ್ಧವಿಹಾರವಿದೆ. ಪ್ರತಿ ರವಿವಾರ ಬೆಳಿಗ್ಗೆ ಅಲ್ಲಿ ಸೇರಿ ಪಾಲಿ ಭಾಷೆಯ ವಂದನೆ ಹೇಳುತ್ತೇವೆ. ನಮಗೆ ಪೂಜಾರಿಗಳಿಲ್ಲ. ನಮ್ಮಲ್ಲೇ ಒಬ್ಬರು ಮುಂದೆ ಕೂತು ಹೇಳಿಕೊಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಮದುವೆಗೂ ಮಣ್ಣಿಗೂ ಅದೇ ದನಿ. ನಾನು ಹುಟ್ಟುವ ಮೊದಲಿನಿಂದಲೂ ಮುಂದೆ ಕೂಡ್ರುವ ಆ ಜಾಗ ನಮ್ಮ ದೊಡ್ಡಪ್ಪನದು. ಈ ಚಳಿಗಾಲದಲ್ಲಿ ಅವರ ಉಸಿರು ಸಾಲದಾಯಿತು. ಬುದ್ಧ ಹುಣ್ಣಿಮೆಯಿಂದ ಬೇರೆ ಯಾರಾದರೂ ಮುಂದೆ ಕೂಡ್ರಲಿ ಎಂದರು. ಆ ಯಾರಾದರೂ ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಸಂಶಯವಿಲ್ಲದಿರಲು ಕಾರಣವೂ ಇತ್ತು. ನನ್ನ ಮೊದಲ ಪಗಾರದಲ್ಲಿ ವಿಹಾರಕ್ಕೊಂದು ಪುಟ್ಟ ಸ್ಪೀಕರ್ ತಂದುಕೊಟ್ಟವಳು ನಾನು. ದೊಡ್ಡಪ್ಪ ಕೆಮ್ಮುವಾಗಲೆಲ್ಲ ಮೊಬೈಲಿನಲ್ಲಿದ್ದ ವಂದನೆಯನ್ನು ಅದರಲ್ಲಿ ಹಚ್ಚುತ್ತಿದ್ದೆ. ಇಂಪಾದ ದನಿ, ಹಿಂದೆ ಮೆಲ್ಲನೆಯ ಗಂಟೆಯ ನಾದ. ಎಲ್ಲರಿಗೂ ಹಿಡಿಸಿತು. ಮಕ್ಕಳು ಮೂರ್ತಿಯನ್ನು ಬಿಟ್ಟು ಸ್ಪೀಕರಿನ ಕಡೆ ಮುಖ ಮಾಡಿ ಕೂಡ್ರತೊಡಗಿದರು. ಬರಬರುತ್ತ ತುಟಿಗಳು ಅಲುಗುತ್ತಿದ್ದವು, ದನಿ ಇರುತ್ತಿರಲಿಲ್ಲ. ನನ್ನ ತುಟಿಗಳೂ ಹಾಗೆಯೇ ಇದ್ದವೆಂಬುದು ಆಗ ನನಗೆ ತಿಳಿಯಲಿಲ್ಲ.

ಶಾಲೆಯಲ್ಲಿ ಅದೇ ರೋಗವನ್ನು ನಾನು ದಿನವೂ ಕಾಣುತ್ತಿದ್ದೆ. ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಫೋಟೋ ಹೊಡಕೊಂಡೇವ್ರಿ ಅಕ್ಕೋರ, ಒರಸ್ರಿ" ಎಂಬ ಕೂಗು ಬರುತ್ತಿತ್ತು. ಮರುದಿನ ಪ್ರಶ್ನೆ ಕೇಳಿದರೆ ಕಣ್ಣುಗಳು ಮೊಬೈಲನ್ನು ಹುಡುಕುತ್ತಿದ್ದವು. ಆಡಳಿತ ಮಂಡಳಿಗೆ ಹೇಳಿದೆ. ಪಾಠದ ವಿಡಿಯೊ ಹಾಕಿ, ನೋಟ್ಸನ್ನು ಗ್ರೂಪಿಗೆ ಕಳಿಸಿ, ಪಾಲಕರು ಕೇಳುತ್ತಿದ್ದಾರೆ ಎಂಬ ಉತ್ತರ ಬಂತು. ಮಗು ಕಲಿಯದಿದ್ದರೆ ಹೊಣೆ ಯಾರದು? ಪರದೆ ಕೊಂಡವರದೋ, ಪರದೆಯ ಮುಂದೆ ಕೈಕಟ್ಟಿ ನಿಂತ ನನ್ನದೋ? ಹೀಗೆ ಕೇಳಬೇಕಾಗಿತ್ತು, ಕೇಳಲಿಲ್ಲ. ಬದಲಿಗೆ ಹುಕ್ಕೇರಿಯ ಒಂದು ವಿಚಾರಸಂಕಿರಣಕ್ಕೆ ಹೋಗಿ, ಬಾಯಿಪಾಠವೆಂಬುದು ಬುದ್ಧಿಯ ಗುಲಾಮಗಿರಿ ಎಂದು ಗುಡುಗಿ ಬಂದೆ. ಚಪ್ಪಾಳೆ ಬಿದ್ದವು. ಆ ಭಾಷಣವನ್ನೂ ಮೊಬೈಲು ನೋಡಿಯೇ ಓದಿದ್ದೆ.

ಹುಣ್ಣಿಮೆಗೆ ಕೆಲವು ವಾರಗಳಿದ್ದಾಗ ಒಂದು ರವಿವಾರ ದೊಡ್ಡಪ್ಪ ಅಂದರು: "ಆ ಡಬ್ಬಿ ಬಂದ್ ಮಾಡು ತಂಗಿ. ಇವತ್ತ ನೀನ ಹೇಳು, ನೋಡೂಣು."

ಮೊದಲ ಭಾಗ ಸರಾಗವಾಗಿ ದಾಟಿತು. ಆಮೇಲೆ ಐದು ಶೀಲಗಳು. ಕೊಲ್ಲುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ದಾರಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಪಾಲಿಯಲ್ಲಿ ಈ ಐದೂ ವಾಕ್ಯಗಳು ಒಂದೇ ಮಾತುಗಳಲ್ಲಿ ಮುಗಿಯುತ್ತವೆ. ಎಚ್ಚರ ತಪ್ಪಿದರೆ ಆ ಕೊನೆಯ ಮಾತುಗಳು ನಾಲಿಗೆಯನ್ನು ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತವೆ. ನಾನು ಎರಡನೆಯದನ್ನು ಮುಗಿಸಿ ನೇರವಾಗಿ ಐದನೆಯದಕ್ಕೆ ಹಾರಿದೆ. ಹಾರಿದ್ದು ಗೊತ್ತೇ ಆಗದೆ ಕೈಮುಗಿದು ಕೂತೆ.

ಹಿಂದಿನಿಂದ ನೆರೆಮನೆಯ ಕಾಕಾ ಕೇಳಿದರು: "ಏನ್ರಿ ಅಕ್ಕೋರ, ಮೂರನೇದು ನಾಕನೇದು ನಮಗ ಮಾಫ್ ಏನ್ರಿ?"

"ನಿನಗ ಬೇಕಾಗಿದ್ದೂ ಅವ ಎರಡಲ್ಲೋ, ಸುಮ್ಮ ಕುಂಡ್ರು" ಎಂದು ಅವರ ಹೆಂಡತಿಯೇ ಗದರಿದರು.

"ಮಾಫ್ ಮಾಡೂದ ಇತ್ತಂದ್ರ ಐದನೇದನ್ನೂ ಮಾಡಬೇಕಿತ್ತಲ್ಲ! ಕುಡ್ಯೂದನ್ನ ಮಾತ್ರ ಬರೋಬರಿ ನೆನಪಿಟ್ಟಾಳ ನೋಡ್ರಿ" ಎಂದರು ಕಾಕಾ.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ದೊಡ್ಡಪ್ಪ ನಗಲಿಲ್ಲ, ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಕೂತಿದ್ದ ಅತ್ತಿಗೆ ತಲೆಯನ್ನೂ ಎತ್ತದೆ ಮೂರನೆಯ ಶೀಲದಿಂದ ಶುರುಮಾಡಿದಳು. ಅವಸರವಿಲ್ಲ, ಅಳುಕಿಲ್ಲ. ಮಕ್ಕಳ ದನಿ ಒಂದೊಂದಾಗಿ ಅವಳ ದನಿಗೆ ಸೇರಿತು. ನನ್ನ ಸ್ಪೀಕರಿಗೆ ಅವು ಹಾಗೆ ಎಂದೂ ಸೇರಿರಲಿಲ್ಲ. ಅಷ್ಟು ಸಲೀಸಾಗಿರುವ ಹಕ್ಕನ್ನು ಅವಳಿಗೆ ಕೊಟ್ಟವರಾರು ಎಂದು ನನ್ನ ಮೈಯೆಲ್ಲ ಉರಿಯಿತು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅವಳು ನಳದ ಬಳಿ ಪಾತ್ರೆ ತಿಕ್ಕುತ್ತಿದ್ದಾಗ ಕೇಳಿದೆ: "ಯಾರ ಕಲಿಸಿದ್ರು ವೈನಿ?"

"ನಮ್ಮ ಆಯಿ, ಅವ್ವನ ಅವ್ವ. ನನ್ನ ತವರೂರು ಮಸಗುಪ್ಯಾಗ ಅರಿಷಿಣದ ಹೊಲಕ್ಕ ಕಸಾ ತೆಗಿಯಾಕ ಹೋಗತಿದ್ವಿ. ಈ ಬದುವಿನಿಂದ ಆ ಬದುವು ಮುಟ್ಟೂತನಕ ಒಂದ ಮಾತು. ಆ ಕಡೆ ಮುಟ್ಟಿದ ಮ್ಯಾಲ ಕೇಳಾಕಿ. ತಪ್ಪಿದ್ರ ಹೊಳ್ಳಿ ಮೊದಲಿಂದ."

"ಬ್ಯಾಸರ ಆಗತಿರಲಿಲ್ಲ?"

"ಕಸಾ ತೆಗಿಯೂದ ಬ್ಯಾಸರ. ಅದರಾಗ ಇದ್ಯಾವ ದೊಡ್ಡದ್ರಿ?"

ಹೇಗಾದರೂ ಅವಳನ್ನು ಕೆಳಗಿಳಿಸಬೇಕಿತ್ತು. "ಅರ್ಥ ಗೊತ್ತೈತೇನು?" ಎಂದೆ.

ಅವಳು ಪಾತ್ರೆ ಬಿಟ್ಟು ಮುಖವೆತ್ತಿದಳು. "ಪೂರ್ತಿ ಗೊತ್ತಿಲ್ರಿ. ನೀವ ಹೇಳ್ರಿ. ಒಮ್ಮೆ ಕೇಳಿದ್ರ ಸಾಕು."

ಒಮ್ಮೆ ಕೇಳಿದರೆ ಸಾಕು. ಆ ಮಾತಿನಲ್ಲಿ ಸೊಕ್ಕಿರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ನನ್ನ ಬಳಿ ಉಳಿದದ್ದು ಅರ್ಥವೊಂದೇ. ಅದನ್ನೂ ಒಂದೇ ಸಲಕ್ಕೆ ಒಯ್ದುಬಿಡುತ್ತಾಳೆ. "ನಾಳೆ ಹೇಳ್ತೀನಿ ವೈನಿ" ಎಂದು ಒಳಗೆ ನಡೆದೆ. ನಾಳೆ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ. ನಮ್ಮ ಹಿರಿಯರ ಕಿವಿಗೆ ವಿದ್ಯೆ ಬೀಳದಂತೆ ಕಾವಲು ಕಾದವರ ವಿರುದ್ಧ ವೇದಿಕೆ ಸಿಕ್ಕಲ್ಲೆಲ್ಲ ಮಾತಾಡಿದವಳು ನಾನು. ಓದಲು ಬಿಡದ ಕಾಲದಲ್ಲಿ ನಮ್ಮವರಿಗೆ ಕಿವಿಯೇ ಪುಸ್ತಕ, ನೆನಪೇ ಕಪಾಟು ಆಗಿದ್ದವು. ಅದನ್ನು ಗುಲಾಮಗಿರಿ ಎಂದು ಕರೆಯಲು ನನಗೆ ಕಲಿಸಿದ ವಿಶ್ವವಿದ್ಯಾಲಯ, ಪದಕ ಕೊಡುವ ಮುನ್ನ ಒಮ್ಮೆಯಾದರೂ ಕಾಗದ ಬಿಟ್ಟು ನಿಲ್ಲು ಎಂದು ಏಕೆ ಹೇಳಲಿಲ್ಲ? ಈ ಪ್ರಶ್ನೆಗೆ ಅದು ಉತ್ತರ ಕೊಡಲೇಬೇಕು. ಆದರೆ ನಳದ ಬಳಿ ನಿಂತು ವಿದ್ಯೆಗೆ ಕದ ಹಾಕಿದ್ದು ವಿಶ್ವವಿದ್ಯಾಲಯವಲ್ಲ.

ಹುಣ್ಣಿಮೆಯ ದಿನ ದೊಡ್ಡಪ್ಪ ತಮ್ಮ ಚಾಪೆಯನ್ನು ತಾವೇ ಝಾಡಿಸಿ ಅತ್ತಿಗೆಗೆ ಹಾಸಿಕೊಟ್ಟರು. "ಮುಂದ ಬಾರವಾ" ಎಂದರು. ಅವಳು ಮಗುವನ್ನು ಎತ್ತಿಕೊಂಡೇ ಹೋಗಿ ಕೂತಳು. ನಾನು ಮಕ್ಕಳ ನಡುವೆ ಕೂತಿದ್ದೆ. ಕೆಲವು ವಾರಗಳಿಂದ ಶಾಲೆಯ ಬೇಸಿಗೆ ತರಗತಿಗೆ ಹೋಗಿಬರುವ ಬಸ್ಸಿನಲ್ಲಿ, ಒಂದು ನಿಲ್ದಾಣಕ್ಕೆ ಒಂದು ಮಾತಿನಂತೆ ಕಲಿತು, ಈಗ ಐದೂ ನನಗೆ ಬರುತ್ತಿದ್ದವು. ಮೂರನೆಯ ಶೀಲ ಮುಗಿಸಿ ಅವಳು ತಟ್ಟನೆ ನಿಂತಳು. ನಾಲ್ಕನೆಯದರ ಮೊದಲ ಮಾತು ನನ್ನ ಬಾಯಲ್ಲೇ ಇತ್ತು. ನಾನು ಹೇಳಲಿಲ್ಲ. ಮರೆತಿರಲಿ, ಪೂರ್ತಿ ಮರೆತಿರಲಿ ಎಂದು ಹಾರೈಸಿದೆ. ಅವಳು ಜಾರುತ್ತಿದ್ದ ಮಗುವನ್ನು ತೊಡೆಯ ಮೇಲೆ ಸರಿಯಾಗಿ ಕೂಡ್ರಿಸಿ ಮುಂದುವರಿದಳು.

ಆ ಸಂಜೆ, ನಾಚಿಕೆಗೋ ಹೆದರಿಕೆಗೋ, ಅಡುಗೆಮನೆಯಲ್ಲಿ ಅವಳ ಎದುರು ಕೂತು ಐದರ ಅರ್ಥವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಯಾವುದನ್ನೂ ಮರುಕೇಳಲಿಲ್ಲ.

ಮುಂದಿನ ರವಿವಾರ ವಂದನೆಯಾದ ಮೇಲೆ ಅವಳು ಮಕ್ಕಳಿಗೆ ಅರ್ಥ ಹೇಳಿಕೊಟ್ಟಳು. ಮಾತು, ಕ್ರಮ ಎಲ್ಲ ನನ್ನದೇ. ನಾಲ್ಕನೆಯದರಲ್ಲಿ ಮಾತ್ರ, ನಾನು "ಅಸತ್ಯ ವಚನದಿಂದ ದೂರವಿರುವುದು" ಎಂದಿದ್ದಲ್ಲಿ, ಅವಳು "ಆಗದ್ದನ್ನ ಆಗೇತಿ ಅನಬಾರದು" ಎಂದಳು. ಮಕ್ಕಳು ತಲೆಯಾಡಿಸಿದರು. ನನ್ನ ಮಾತಿಗಿಂತ ಅದು ಚೆನ್ನಾಗಿತ್ತು.