ಎಲ್‌ಸಿ ಒಂದು, ಊರೇ ತಿಂದು

ಅಪ್ಪನ ಬಲಗೈ ಗೆಣ್ಣುಗಳನ್ನು ನೋಡಿದರೆ ಸಾಕು, ಮಾರ್ಬೆಕ್ ಟೌನ್ ಫುಟ್‌ಬಾಲ್ ತಂಡ ಯಾವ ವರ್ಷ ಎಲ್ಲಿ ಸೋತಿತ್ತೆಂದು ಜ್ಯಾನೀನ್ ಹೇಳಬಲ್ಲಳು. ಕಿರುಬೆರಳಿನ ಗೆಣ್ಣು ಒಳಕ್ಕೆ ಕುಸಿದದ್ದು ಒಂದು ರೈಲು ನಿಲ್ದಾಣದಲ್ಲಿ, ಎದುರು ತಂಡದ ಅಭಿಮಾನಿಯೊಬ್ಬನ ಹಲ್ಲಿಗೆ ತಾಗಿ. ನಡುಬೆರಳಿನ ಮೇಲಿನ ಬಿಳಿ ಗೆರೆ ಮನೆಯದೇ. ನಾಲ್ಕು-ಸೊನ್ನೆಯಲ್ಲಿ ಸೋತ ಶನಿವಾರ ಅಡುಗೆಮನೆ ಬಾಗಿಲಿನ ಗಾಜು ಅದನ್ನು ಕೊಯ್ದಿತ್ತು. ಆಗ ಅವಳಿಗೆ ಆರು ವರ್ಷ. ಅಮ್ಮ ಗಾಜಿನ ಚೂರು ಗುಡಿಸುತ್ತ, "ಇವತ್ತು ರೆಫರಿ ಸರಿ ಇರ್ಲಿಲ್ಲ ಕಣೇ" ಎಂದಿದ್ದಳು. ತುಂಬ ದಿನ ಜ್ಯಾನೀನ್, ರೆಫರಿ ಎಂಬುವನು ತಮ್ಮ ಮನೆಗೆ ಬಂದು ಬಾಗಿಲು ಒಡೆದು ಹೋಗುವ ಮನುಷ್ಯನೆಂದೇ ತಿಳಿದಿದ್ದಳು.

ವರ್ನನ್ ಗ್ರಿಮ್ಶಾ ಹೆಂಡತಿಯ ಮೇಲಾಗಲಿ ಮಗಳ ಮೇಲಾಗಲಿ ಯಾವತ್ತೂ ಕೈ ಮಾಡಿದವನಲ್ಲ. ಯಾರ ಹತ್ತಿರವಾದರೂ ದೂರೋಣವೆಂದರೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬ್ರೇಕ್ ರಿಪೇರಿ ಮಾಡಿದ. ಅಲ್ಲಿ ಅವನಷ್ಟು ನಿಧಾನಸ್ಥ ಬೇರೆ ಇಲ್ಲ ಎನ್ನುತ್ತಿದ್ದರು. ಶನಿವಾರ ಮೂರು ಗಂಟೆಯಾದ ಮೇಲೆ ಮಾತ್ರ ಅವನ ಕತ್ತಿನ ನರ ಉಬ್ಬುತ್ತಿತ್ತು.

ಮೊಮ್ಮಗಳು ಎಲ್ಸಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಜ್ಯಾನೀನ್ ಕೊಡಲಿಲ್ಲ.

"ಅಪ್ಪಾ, ಮೊದ್ಲು ಮಾತು ಕೊಡು. ಈ ಕೈ ಇನ್ಮೇಲೆ ಯಾರ ಮೇಲೂ ಏಳ್ಬಾರ್ದು."

"ಏಳಲ್ಲ ಪುಟ್ಟಿ."

"ಎದ್ರೆ ಮಗೂನ ಆ ಕೈಗೆ ಕೊಡಲ್ಲ. ತಮಾಷೆಗೆ ಹೇಳ್ತಿಲ್ಲ."

"ಗೊತ್ತು ಕಣೇ. ನಿನ್ ಮುಖ ನೋಡಿದ್ರೇ ಭಯ ಆಗತ್ತೆ. ಕೊಡೀಗ."

ಹದಿನಾರು ತಿಂಗಳು ಮಾತು ಉಳಿಸಿಕೊಂಡ. ಒಂದು ಸಲ ಪಬ್ಬಿನಲ್ಲಿ ಯಾರೋ ಮುಖಕ್ಕೆ ಬಿಯರ್ ಎರಚಿದಾಗಲೂ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಮನೆಗೆ ನಡೆದುಬಂದಿದ್ದನಂತೆ. ಆದರೂ ಭಾನುವಾರ ಮೊಮ್ಮಗಳನ್ನು ನೋಡಲು ಬಂದಾಗೆಲ್ಲ ಜ್ಯಾನೀನ್ ಮೊದಲು ನೋಡುತ್ತಿದ್ದದ್ದು ಅವನ ಗೆಣ್ಣುಗಳನ್ನು. ಹೊಸ ಗಾಯವಿಲ್ಲದಿದ್ದರೆ ಮಾತ್ರ ಕೆಟಲ್ ಒಲೆಗೆ ಏರುತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಕ್ಲಬ್ಬಿನ ಕಚೇರಿಯಲ್ಲೇ. ಟಿಕೆಟ್ಟು, ಪತ್ರ, ಫೋನು. ಅವಳ ಮನೆಯೂ ಕ್ಲಬ್ಬಿನ ಮೈದಾನದಿಂದ ಕೂಗಳತೆಯಲ್ಲಿ, ಟ್ಯಾನರ್ಸ್ ಲೇನಿನಲ್ಲಿ. ಮಾಲೀಕ ಲಿಯೊನ್ ಕ್ರೆಸ್ವೆಲ್ ಮೂರು ವರ್ಷದ ಹಿಂದೆ ಕ್ಲಬ್ಬನ್ನು ಕೊಂಡಾಗ ಊರು ಅವನನ್ನು ಹೊತ್ತು ಮೆರೆಸಿತ್ತು. ಅವನ ಕಪ್ಪು ಕಾರಿನ ನಂಬರು ಎಲ್‌ಸಿ ೧. ತನ್ನ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ ಬರಲೆಂದು ದುಡ್ಡು ಸುರಿದು ಪಡೆದದ್ದು. ಮೊದಲ ವರ್ಷ ಮಕ್ಕಳು ಆ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವು. ಮೂರನೆಯ ವರ್ಷಕ್ಕೆ ಸಂಬಳ ತಡವಾಗತೊಡಗಿತು, ಮಳೆ ಸೋರುವ ಮಾಡಿನ ಕೆಳಗೆ ಬಕೆಟ್ಟುಗಳು ಬಂದವು. ಆಗ ಫ್ಲೀಸ್ ಪಬ್ಬಿನಲ್ಲಿ ವರ್ನನ್ ಒಂದು ಕೂಗು ಕಟ್ಟಿದ: "ಎಲ್‌ಸಿ ಒಂದು, ಊರೇ ತಿಂದು!" ಎರಡು ವಾರದಲ್ಲಿ ನಾಲ್ಕು ಸಾವಿರ ಗಂಟಲು ಅದನ್ನು ಕೂಗುತ್ತಿದ್ದವು. ಇಡೀ ಬದುಕಿನಲ್ಲಿ ಅವನು ಕಟ್ಟಿದ ಒಂದೇ ಪದ್ಯ ಅದು. ತುಂಬ ಹೆಮ್ಮೆಯಿತ್ತು.

ಪಬ್ಬಿನಲ್ಲಿ ಅವನ ಜೊತೆಗಾರ ಡೂಗಿ ಪಿಕಪ್. ಇಬ್ಬರೂ ಹತ್ತು ವರ್ಷದವರಿದ್ದಾಗಿನಿಂದ ಒಂದೇ ಕಂಬಕ್ಕೆ ಒರಗಿ ಆಟ ನೋಡಿದವರು.

"ಆ ಗೋಲ್‌ಕೀಪರ್‌ಗೆ ವಾರಕ್ಕೆ ಎರಡು ಸಾವಿರ ಪೌಂಡಂತೆ ಗುರು. ನಮ್ಮಜ್ಜಿ ಇದಕ್ಕಿಂತ ಚೆನ್ನಾಗಿ ಬಾಲ್ ಹಿಡೀತಿದ್ಲು," ಎಂದ ಡೂಗಿ ಒಂದು ಸಂಜೆ.

"ನಿಮ್ಮಜ್ಜಿ ಸತ್ತು ಇಪ್ಪತ್ತು ವರ್ಷ ಆಯ್ತಲ್ಲೋ."

"ಸತ್ತಿದ್ರೂ ಇವನಿಗಿಂತ ವಾಸಿ, ಜಾಗ ಬಿಟ್ಟು ಅಲ್ಲಾಡಲ್ಲ. ಇನ್ನು ಕ್ಲಬ್ ದಿವಾಳಿ ಆದ್ರೆ ಲೀಗ್‌ನವರು ಹನ್ನೆರಡು ಪಾಯಿಂಟ್ ಕಿತ್ಕೋತಾರಂತೆ. ದುಡ್ಡು ನುಂಗಿದ್ದು ಆ ಕ್ರೆಸ್ವೆಲ್, ಪಾಯಿಂಟ್ ಕೊಡೋದು ನಾವು. ಯಾವ ಸೀಮೆ ನ್ಯಾಯನಪ್ಪಾ ಇದು?"

"ಮೈದಾನ ಒಂದು ಇದ್ರೆ ಸಾಕು ಡೂಗಿ. ಯಾವ ದರ್ಜೆಗೆ ಇಳಿದ್ರೂ ನಿಂತ್ಕೊಂಡ್ ನೋಡೋಕೆ ಜಾಗ ಇರತ್ತೆ."

ಪಕ್ಕದ ಮೇಜಿನಲ್ಲಿ ಪೈ ತಿನ್ನುತ್ತ ಕೂತಿದ್ದ ಜ್ಯಾನೀನ್ ತಟ್ಟೆಯನ್ನು ಆಚೆ ಸರಿಸಿದಳು. ಮೈದಾನ ಮಾರಾಟವಾಗಿತ್ತು. ಆ ಪತ್ರವನ್ನು ಟೈಪು ಮಾಡಿದವಳೇ ಅವಳು. ಕ್ರೆಸ್ವೆಲ್ ಅದನ್ನು ತನ್ನದೇ ಇನ್ನೊಂದು ಕಂಪನಿಗೆ ಮಾರಿದ್ದ. ಬೇಸಿಗೆಯಲ್ಲಿ ಅಲ್ಲಿ ಗೋದಾಮುಗಳು ಏಳುವುದಿತ್ತು. ಅಪ್ಪನಿಗೆ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಏನಾಗಬಹುದೆಂದು ಗೊತ್ತಿರಲಿಲ್ಲ. ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದಳು.

ಹತ್ತನೆಯ ದಿನ, ಶನಿವಾರ, ಊರಿನ ಪತ್ರಿಕೆಯಲ್ಲಿ ಮಾರಾಟದ ಸುದ್ದಿ ಬಂತು. ಬೆಳಗ್ಗೆ ಎಂಟಕ್ಕೆ ಫೋನು.

"ಇವತ್ತು ಕೆಲ್ಸಕ್ಕೆ ಹೋಗ್ತೀಯಾ?" ವರ್ನನ್‌ನ ದನಿ ತಣ್ಣಗಿತ್ತು. ಅದೇ ಅವಳನ್ನು ಹೆದರಿಸಿತು.

"ಇಲ್ಲಪ್ಪ. ಮನೇಲೇ ಇರ್ತೀನಿ. ನೀನೂ ಹೋಗ್ಬೇಡ."

"ಆಟ ಮುಗಿದ್ಮೇಲೆ ಅವನ ಹತ್ರ ಎರಡು ಮಾತಾಡ್ಬೇಕು. ಅಷ್ಟೇ."

"ಅಪ್ಪಾ, ಮಾತು ಕೊಟ್ಟಿದೀಯ."

"ಮಾತಾಡ್ತೀನಿ ಅಂದೆನಲ್ಲಾ ಪುಟ್ಟಿ, ಬಾಯಿಂದ."

ಆದರೆ ಅವನ ಮನೆಯ ಟೀವಿಯ ಮೇಲೆ ಒಂದು ಕಾಂಕ್ರೀಟ್ ತುಂಡಿತ್ತು. ಜನ ನಿಂತು ಆಟ ನೋಡುತ್ತಿದ್ದ, ಮೈದಾನದ ಪೂರ್ವ ಬದಿಯ ಹಳೆಯ ಮೆಟ್ಟಿಲುಗಳನ್ನು ಕೆಡವಿದಾಗ ಊರಿನ ಪ್ರತಿ ಅಭಿಮಾನಿಯೂ ಒಂದೊಂದು ತುಂಡು ಮನೆಗೆ ಒಯ್ದಿದ್ದ. ವರ್ನನ್ ತಂದದ್ದು ತನ್ನ ಅಪ್ಪ ನಿಲ್ಲುತ್ತಿದ್ದ ಜಾಗದ್ದು, ಒಂದು ಬದಿಗೆ ಹಳದಿ ಬಣ್ಣ, ಒಂದು ಬ್ರೆಡ್ಡಿನಷ್ಟು ದಪ್ಪ. ಅಮ್ಮ ಬದುಕಿರುವವರೆಗೆ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು. ಆ ಬೆಳಗ್ಗೆ ಅವನು ಅದನ್ನು ಅಂಗಡಿಯ ಚೀಲಕ್ಕೆ ಹಾಕಿಕೊಂಡ. ಕ್ರೆಸ್ವೆಲ್‌ನ ಮೇಜಿನ ಮೇಲಿಟ್ಟು, "ಇದನ್ನೂ ಮಾರ್ಕೋ" ಅನ್ನಬೇಕೆಂದಿದ್ದೆ, ಅಷ್ಟೇ, ಎಂದು ಆಮೇಲೆ ಹೇಳಿದ. ಇರಬಹುದು.

ಮಧ್ಯಾಹ್ನ ಕ್ರೆಸ್ವೆಲ್ ಜ್ಯಾನೀನಳಿಗೆ ಫೋನು ಮಾಡಿದ. ಸಿಬ್ಬಂದಿಯ ಸಂಬಳದ ಕಾಗದಕ್ಕೆ ಇವತ್ತೇ ಸಹಿ ಹಾಕುತ್ತೇನೆ, ಒಂದು ಗಂಟೆಯ ಮಟ್ಟಿಗೆ ಬಂದುಹೋಗು ಎಂದ. ಗಂಡ ಬೇಕರಿಯ ಪಾಳಿಯಲ್ಲಿದ್ದ. ಅವಳು ಮಗುವನ್ನು ಕರೆದುಕೊಂಡೇ ಹೋದಳು.

ಮೂರು-ಸೊನ್ನೆಯ ಸೋಲು. ಸೀಟಿ ಊದಿದ ಮೇಲೆ ಜನ ಮನೆಗೆ ಹೋಗಲಿಲ್ಲ. ಕಚೇರಿಯ ಮುಂದೆ ಸೇರಿದರು. ಮೇಲಿನ ಕಿಟಕಿಯಿಂದ ಜ್ಯಾನೀನ್ ಅಪ್ಪನ ಬೋಳು ತಲೆಯನ್ನೂ ಕೈಯಲ್ಲಿ ಜೋಲುತ್ತಿದ್ದ ಚೀಲವನ್ನೂ ಕಂಡಳು. ಮೂರು ಸಲ ಫೋನು ಮಾಡಿದಳು. ಆ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಕೆಳಗಿನ ಬಾಗಿಲಿನ ಗಾಜು ಸಿಡಿಯಿತು. ಕಾವಲಿನವನೊಬ್ಬ ಮೂಗು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಬೆರಳ ಸಂದಿಯಿಂದ ರಕ್ತ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎಲ್ಸಿ ಅಳತೊಡಗಿತು.

ಕ್ರೆಸ್ವೆಲ್ ಒಳಗೆ ಬಂದ. ಮುಖ ಬಿಳಚಿದ್ದರೂ ಮಾತು ಬೆಣ್ಣೆ.

"ನೋಡಮ್ಮ, ಈ ಗಲಾಟೇಲಿ ಮಗು ಎತ್ಕೊಂಡು ನಡ್ಕೊಂಡು ಹೋಗೋಕಾಗತ್ತಾ? ನನ್ ಕಾರ್ ತಗೋ. ಪಕ್ಕದ ಗೇಟಿಂದ ಹೋಗು. ಯಾರೂ ಮುಟ್ಟಲ್ಲ."

"ನೀವು ಸರ್?"

"ನಂದೇನಮ್ಮ, ಹೆಂಗೋ ಆಗತ್ತೆ."

ಅವಳು ಆ ಕಾರನ್ನು ಎರಡು ಸಲ ತೊಳೆಸಲು ಒಯ್ದಿದ್ದಳು. ನಂಬರು ಗೊತ್ತಿಲ್ಲದವಳಲ್ಲ. ಆದರೆ ಆ ಗಳಿಗೆಯಲ್ಲಿ ಕಾರು ಎಂದರೆ ನಾಲ್ಕು ಬಾಗಿಲು, ಮಗುವಿಗೊಂದು ಬೆಲ್ಟು, ಹೊರಗಿನಿಂದ ಕಾಣದ ಕಪ್ಪು ಗಾಜು. ಅಷ್ಟೇ ತಲೆಗೆ ಹೋಯಿತು. ಅವಳು ಪಕ್ಕದ ಗೇಟು ದಾಟುವ ಹೊತ್ತಿಗೆ ಕ್ರೆಸ್ವೆಲ್ ಹಿಂದಿನ ಗೇಟಿನಿಂದ ಲಾಂಡ್ರಿ ವ್ಯಾನಿನಲ್ಲಿ, ಆಟಗಾರರ ಬೆವರಿನ ಜರ್ಸಿಗಳ ಕೆಳಗೆ ಮಲಗಿ ಹೋಗುತ್ತಿದ್ದ.

"ಎಲ್‌ಸಿ ಒಂದು!" ಯಾರೋ ಕೂಗಿದರು.

"ಊರೇ ತಿಂದು!" ರಸ್ತೆಯೇ ಉತ್ತರಿಸಿತು.

ನಲವತ್ತು ಐವತ್ತು ಜನ ಕಾರಿಗೆ ಅಡ್ಡ ಬಂದರು. ಜ್ಯಾನೀನ್ ಬ್ರೇಕು ಒತ್ತಿದಳು. ಬಾನೆಟ್ಟಿನ ಮೇಲೆ ಬೂಟು, ಮಾಡಿನ ಮೇಲೆ ಮುಷ್ಟಿ. ಕಾರು ತೊಟ್ಟಿಲಿನಂತೆ ತೂಗಿತು. ಹಾರ್ನು ಒತ್ತಿದಳು. ಅದು ಅವರನ್ನು ಇನ್ನೂ ಕೆರಳಿಸಿತು. ಗಾಜನ್ನು ಒಂದು ಅಂಗುಲ ಇಳಿಸಿ ಮುಖ ತೋರಿಸಿದ್ದರೆ? ಇವತ್ತಿಗೂ ಮಗುವಿನ ಕೂದಲು ಬಾಚುವಾಗ ಅದೇ ಪ್ರಶ್ನೆ ಅವಳ ಕೈಯನ್ನು ನಿಲ್ಲಿಸುತ್ತದೆ. ಇಳಿಸಿದರೆ ಕೈಗಳು ಒಳಗೆ ಬರುತ್ತವೆಂದು ಹೆದರಿ ಇಳಿಸಲಿಲ್ಲ.

"ಹೊರಗ್ ಬಾರೋ ಕಳ್ಳ ನನ್ಮಗನೇ!" ಡೂಗಿಯ ದನಿ. "ಹೊಡಿ ವರ್ನನ್, ಹಿಂದೆ ಕೂತಿರ್ತಾನೆ ನೋಡು ಮಹಾರಾಜ!"

ಹಿಂದಿನ ಗಾಜು ಒಡೆದು ಒಳಗೆ ಸುರಿಯಿತು. ಹಳದಿ ಬಣ್ಣದ ಕಾಂಕ್ರೀಟ್ ತುಂಡು ಮಗು ಕೂತಿದ್ದ ಹಿಂದಿನ ಸೀಟಿನ ಅಂಚಿಗೆ ಬಡಿದು ಕೆಳಗುರುಳಿತು. ಎಲ್ಸಿಯ ಅಳು ನಿಂತೇಹೋಯಿತು. ಹುಬ್ಬಿನ ಮೇಲೆ ಚರ್ಮ ಬಿರಿದು, ರಕ್ತ ಕಣ್ಣಿನ ಮೇಲೆ ಹರಿದಿತ್ತು. ಒಡೆದ ಗಾಜಿನಿಂದ ಒಂದು ಕೈ ಒಳಗೆ ಬಂತು, ಯಾರದೋ ಕಾಲರು ಸಿಕ್ಕೀತೆಂದು ಗಾಳಿಯಲ್ಲಿ ತಡಕಾಡಿತು, ಮಗುವಿನ ಉಣ್ಣೆಯ ಟೋಪಿಯನ್ನು ಹಿಡಿಯಿತು.

ಆ ಗೆಣ್ಣುಗಳನ್ನು ಅವಳು ಸಾವಿರ ಕೈಗಳ ನಡುವೆಯೂ ಗುರುತು ಹಿಡಿಯುತ್ತಿದ್ದಳು.

"ಅಪ್ಪಾ!"

ಕೈ ನಿಂತಿತು. ಟೋಪಿಯನ್ನು ಹೆಣೆದವಳು ಅವನ ಹೆಂಡತಿ, ಸಾಯುವ ವಾರದಲ್ಲಿ. ಬೆರಳಿಗೆ ಗೊತ್ತಾಗಿರಬೇಕು. ಅವನ ಮುಖ ಗಾಜಿನ ತೂತಿಗೆ ಬಂತು. ಆ ಮುಖ ಹೇಗಿತ್ತೆಂದು ಜ್ಯಾನೀನ್ ಯಾರಿಗೂ ಹೇಳಿಲ್ಲ.

ಆಮೇಲೆ ನಡೆದದ್ದು ನಿಜವಾದ ಹೊಡೆದಾಟ. ವರ್ನನ್ ತಿರುಗಿ, ಕಾರಿಗೆ ಬೆನ್ನು ಕೊಟ್ಟು, ತನ್ನವರನ್ನೇ ಹೊಡೆಯತೊಡಗಿದ. "ಮಗು ಇದೆ! ನನ್ ಮಗು!" ಎಂದು ಅರಚಿದ. ಕೂಗಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಅವನೇ ಕಟ್ಟಿದ ಕೂಗು. ಡೂಗಿ ಬಾವುಟದ ಕೋಲು ಬೀಸಿದ. "ನೀನೂ ಅವನ ಕಡೆಯವ್ನೇನೋ? ಎಷ್ಟು ಕೊಟ್ಟ ನಿಂಗೆ?" ಕೋಲು ದವಡೆಗೆ ಬಿತ್ತು. ವರ್ನನ್ ಅವನ ಮೂಗಿಗೆ ತಲೆಯಿಂದ ಗುದ್ದಿದ. ಕೆಳಗೆ ಬಿದ್ದ ಮೇಲೂ ಗಾಜಿನ ತೂತಿಗೆ ಅಡ್ಡವಾಗಿ ಎದ್ದು ನಿಂತ, ಮತ್ತೆ ಬಿದ್ದ, ಮತ್ತೆ ನಿಂತ. ಕುದುರೆ ಪೊಲೀಸರು ಬರುವವರೆಗೆ, ಸುಮಾರು ನಾಲ್ಕು ನಿಮಿಷ, ಐವತ್ತು ವರ್ಷದ ಗೆಳೆಯರ ಬೂಟಿನ ಒದೆ ತಿಂದ.

ಎಲ್ಸಿಗೆ ಮೂರು ಹೊಲಿಗೆ. ಕಣ್ಣು ಉಳಿಯಿತು. ವರ್ನನ್‌ಗೆ ಮುರಿದ ದವಡೆ, ಮೂರು ಪಕ್ಕೆಲುಬು. ಮಾರ್ಬೆಕ್ಕಿನಲ್ಲಿ ಪೊಲೀಸರಿಗೆ ಯಾರೂ ಯಾರ ಹೆಸರನ್ನೂ ಹೇಳುವುದಿಲ್ಲ. ಹೇಳಿದವನಿಗೆ ಫ್ಲೀಸಿನಲ್ಲಿ ಮತ್ತೆ ಯಾರೂ ಬಿಯರ್ ಸುರಿಯುವುದಿಲ್ಲ. ಮೊದಲ ಕಲ್ಲು ಯಾರದೆಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಆಸ್ಪತ್ರೆಯ ಮಂಚದ ಮೇಲೆ, ತಂತಿ ಕಟ್ಟಿದ ಬಾಯಿಂದ ಹೇಳಲಾರದೆ, ವರ್ನನ್ ಒಂದು ಚೀಟಿಯಲ್ಲಿ ಬರೆದುಕೊಟ್ಟ: ನಾನು.

ಜ್ಯಾನೀನ್ ಬಾಗಿಲಲ್ಲಿ ನಿಂತಿದ್ದಳು, ಮಗು ಸೊಂಟದ ಮೇಲೆ. ಎಲ್ಸಿ ತಾತನತ್ತ ಕೈ ಚಾಚಿತು.

"ಹೇಳಿದ್ದೆ ಅಲ್ವಾ ಅಪ್ಪ," ಎಂದಳು. "ತಮಾಷೆಗಲ್ಲ ಅಂತ."

ಅವನು ತಲೆಯಾಡಿಸಿದ. ಅವಳು ಹೊರಟುಬಂದಳು.

ಜೈಲಿಗೆ ಹಾಕಲಿಲ್ಲ. ಮೂರು ವರ್ಷ ಮೈದಾನದ ಸುತ್ತ ಐನೂರು ಗಜದೊಳಗೆ ಕಾಲಿಡಬಾರದೆಂದು ನ್ಯಾಯಾಲಯ ಬರೆಯಿತು. ಆರು ವಾರದಲ್ಲಿ ಕ್ಲಬ್ ಸತ್ತಿತು. ಕ್ರೆಸ್ವೆಲ್ ಊರು ಬಿಟ್ಟ. ಮೆಟ್ಟಿಲುಗಳನ್ನೆಲ್ಲ ಯಂತ್ರಗಳು ಅಗೆದು ಹಾಕಿದವು. ಆದರೆ ಕಾಗದ ಕಾಗದವೇ: ಇಲ್ಲದ ಮೈದಾನದ ಸುತ್ತ ಐನೂರು ಗಜ ಹಾಗೇ ಉಳಿಯಿತು. ಜ್ಯಾನೀನಳ ಮನೆ ಅದರ ಒಳಗಿತ್ತು.

ತೀರ್ಪಿನ ನಂತರದ ಮೊದಲ ಭಾನುವಾರ ಕಿಟಕಿಯಿಂದ ನೋಡಿದಾಗ ರಸ್ತೆಯ ತುದಿಯ ಕೆಂಪು ಅಂಚೆಪೆಟ್ಟಿಗೆಯ ಆಚೆ ಅವನು ನಿಂತಿದ್ದ. ಪೊಲೀಸರು ತೋರಿಸಿದ ಗಡಿ ಆ ಪೆಟ್ಟಿಗೆ. ಎರಡೂ ಕೈ ಕೋಟಿನ ಜೇಬಿನಲ್ಲಿ. ಅರ್ಧ ಗಂಟೆ ನಿಂತು ಹೋದ. ಮುಂದಿನ ಭಾನುವಾರವೂ ಬಂದ. ಹಿಮ ಬಿದ್ದ ದಿನವೂ ಬಂದ. ಕಾವಲಿಗೆ ಅಲ್ಲಿ ಯಾರೂ ಇರಲಿಲ್ಲ. ಆದರೂ ಅವನ ಬೂಟು ಒಮ್ಮೆಯೂ ಪೆಟ್ಟಿಗೆಯನ್ನು ದಾಟಲಿಲ್ಲ. ಇವಳು ಪರದೆಯ ಹಿಂದೆ ನಿಂತು ಆ ಬೂಟುಗಳನ್ನೇ ಕಾಯುತ್ತಿದ್ದಳು, ದಾಟಲಿ, ದಾಟಿದರೆ ಎಲ್ಲ ಮುಗಿಯುತ್ತದೆ ಎಂಬಂತೆ.

ಒಂಬತ್ತನೆಯ ಭಾನುವಾರ ಅವಳು ಎಲ್ಸಿಗೆ ಟೋಪಿ ಹಾಕಿದಳು. ಎಷ್ಟು ತೊಳೆದರೂ ಅದರ ಅಂಚಿನ ಕಂದು ಕಲೆ ಹೋಗಿರಲಿಲ್ಲ. ಮಗುವಿನ ಗಾಡಿ ತಳ್ಳಿಕೊಂಡು ಹೋಗಿ, ಅಂಚೆಪೆಟ್ಟಿಗೆಗೆ ಹತ್ತು ಹೆಜ್ಜೆ ಈಚೆಗೆ ಬ್ರೇಕು ಹಾಕಿ ನಿಲ್ಲಿಸಿದಳು.

"ಕೈ ತೋರ್ಸು," ಎಂದಳು.

ವರ್ನನ್ ಎರಡೂ ಕೈಗಳನ್ನು ಜೇಬಿನಿಂದ ತೆಗೆದು, ಬೆರಳು ಬಿಡಿಸಿ, ಮುಂದೆ ಹಿಡಿದ. ಜ್ಯಾನೀನ್ ಹತ್ತಿರ ಹೋಗಿ ಗೆಣ್ಣುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಹಳೆಯ ಗಾಯಗಳೇ. ಆದರೂ ಗಾಡಿಯ ಬ್ರೇಕು ತೆಗೆಯಲಿಲ್ಲ.

"ಮುಂದಿನ ಭಾನ್ವಾರ ಮತ್ತೆ ನೋಡ್ತೀನಿ," ಎಂದಳು.